ಹಳ್ಳಿ ಚರ್ಚಿನ ಕ್ರಿಸ್‌ಮಸ್ ಸಂಸ್ಕಾರದ ಆರಾಧನೆ, ನಮ್ಮ ವಾದ್ಯ ನಮ್ಮ ರಾಗದಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿ ಸಭೆಗಳಲ್ಲಿ ನವೆಂಬರ್ ಕಳೆಯುತ್ತಿದ್ದಂತೆ ಸಭಾ ಹಿರಿಯರು, ಉಪದೇಶಿಗಳು (ಪಾದ್ರಿಗೆ ನೆರವಾಗುವ ಬೋಧಕರು), ಹಾಡಿನ ತಂಡದವರು ಕೇಳುವ ಪ್ರಶ್ನೆಗಳು ಇವು. ಹಾರ್ಮೋನಿಯಂ, ಮೃದಂಗ ಇಲ್ಲವೇ ಢೋಲಕ್, ತಾಳ, ಕೆಲವೆಡೆ ತಮಟೆ ಇಟ್ಟುಕೊಂಡು ಕ್ರಿಸ್‌ಮಸ್ ಬೆಳಗಿನ ಸಂಸ್ಕಾರದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಆರಾಧನೆ ನಡೆಸುವವರನ್ನು ಗಮನದಲ್ಲಿಟ್ಟು ಉತ್ತರ ಬರೆದಿದೆ. ಪಟ್ಟಣದ ದೊಡ್ಡ ಕಾಯರ್ ಇರುವ ಚರ್ಚುಗಳಿಗೆ ಇದರಲ್ಲಿ ಅರ್ಧ ಬೇಕಾಗುವುದಿಲ್ಲ.

ನಮ್ಮ ಸಭೆ ಯಾವ ಆರಾಧನಾ ಕ್ರಮ ಅನುಸರಿಸಬೇಕು?

ನಿಮ್ಮ ಸಭೆ ಯಾವ ಚರ್ಚಿಗೆ ಸೇರಿದೆಯೋ ಅದರದ್ದು. ಗುಬ್ಬಿ, ತುಮಕೂರು ಕಡೆ ಕೆಲಸ ಮಾಡಿದ್ದು ವೆಸ್ಲಿಯನ್ ಮಿಷನ್, ಚಿಕ್ಕಬಳ್ಳಾಪುರದ ಕಡೆ ಲಂಡನ್ ಮಿಷನ್. ಇವೆರಡರ ಸಭೆಗಳೂ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿದವು. ಕೋಲಾರದಲ್ಲಿ ಬೇರೂರಿದ್ದು ಅಮೆರಿಕನ್ ಮೆಥೋಡಿಸ್ಟರು. ಅವರು ಆ ಐಕ್ಯಕ್ಕೆ ಬರಲಿಲ್ಲ, 1981ರಿಂದ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಆಗಿದ್ದಾರೆ. ಹಾಗಾಗಿ ಬೀಗರ ಊರಿನ ಚರ್ಚಿನಲ್ಲಿ ನೋಡಿದ ಕ್ರಮ ನಿಮ್ಮಲ್ಲಿ ಇರಬೇಕೆಂದಿಲ್ಲ. ಕೆಳಗಿನ ಉತ್ತರಗಳು ಹೆಚ್ಚಾಗಿ ಸಿ.ಎಸ್.ಐ. ಕ್ರಮವನ್ನು ಹಿಡಿದು ಹೋಗುತ್ತವೆ. ಕಥೋಲಿಕ ಬಲಿಪೂಜೆಯ ನಿಯಮಗಳು ಬೇರೆ: ಅಲ್ಲಿ ರೊಟ್ಟಿ ಹುಳಿಯಿಲ್ಲದ ಗೋಧಿಯದ್ದೇ ಆಗಬೇಕು, ದ್ರಾಕ್ಷಾರಸ ಹುಳಿತದ್ದೇ ಆಗಬೇಕು.

ಒಬ್ಬರೇ ಪಾಲಕರು (ಪಾದ್ರಿ), ಮೂರು ಹಳ್ಳಿ. ಮೂರೂ ಕಡೆ ಕ್ರಿಸ್‌ಮಸ್ ದಿನವೇ ಸಂಸ್ಕಾರ ಆಗುತ್ತದೆಯೇ?

ಆಗುತ್ತದೆ, ಆದರೆ ಗಡಿಯಾರ ನೋಡಿಕೊಂಡು ಮಾತ್ರ. ಅಭಿಷಿಕ್ತ ಪಾಲಕರಲ್ಲದೆ ಬೇರೆಯವರು ರೊಟ್ಟಿ, ದ್ರಾಕ್ಷಾರಸದ ಮೇಲೆ ಸ್ತೋತ್ರ ಪ್ರಾರ್ಥನೆ ನಡೆಸುವಂತಿಲ್ಲ, ಪಾಪಕ್ಷಮೆಯ ಘೋಷಣೆಯೂ ಪಾಲಕರದೇ. ಉಳಿದದ್ದೆಲ್ಲ ಉಪದೇಶಿ ಅಥವಾ ಹಿರಿಯರು ನಡೆಸಬಹುದು. ಈ ಒಂದು ಅಂಶವನ್ನು ಸರಿಯಾಗಿ ಬಳಸಿಕೊಂಡರೆ ಮೂರು ಹಳ್ಳಿ ಕಷ್ಟವಲ್ಲ.

ಹತ್ತು ಹನ್ನೆರಡು ಕಿಲೋಮೀಟರ್ ಅಂತರದ ಮೂರು ಸಭೆಗಳಿಗೆ ನಡೆಯುವಂಥ ಏರ್ಪಾಡು ಹೀಗಿರುತ್ತದೆ. ಚಿಕ್ಕ ಸಭೆಗೆ ಬೆಳಗಿನ ಜಾವ 5:00, ಮುಗಿಯುವುದು 6:15. ಎರಡನೆಯದಕ್ಕೆ 7:00, ಮುಗಿಯುವುದು 8:15. ದೊಡ್ಡ ಸಭೆಗೆ 9:30. ಕೆಡುವುದು ಎಲ್ಲಿ ಎಂದರೆ ಮೊದಲ ಊರಿನಲ್ಲಿ. "ಇನ್ನೂ ನಾಲ್ಕು ಮನೆಯವರು ಬರಬೇಕು ಅಯ್ಯಾ" ಅಂತ ಇಪ್ಪತ್ತು ನಿಮಿಷ ಕಾದರೆ, ಆ ಇಪ್ಪತ್ತು ನಿಮಿಷ ದಾರಿಯ ಕಾಫಿ, ಕೇಕ್, ಫೋಟೊ ಎಲ್ಲ ಕೂಡಿಕೊಂಡು ಮೂರನೇ ಊರಿಗೆ ಮುಕ್ಕಾಲು ಗಂಟೆಯಾಗಿ ಮುಟ್ಟುತ್ತದೆ. ಅಲ್ಲಿ ಮಕ್ಕಳು ಹಸಿದಿರುತ್ತಾರೆ, ವಯಸ್ಸಾದವರು ಚಾಪೆಯ ಮೇಲೆ ಕೂತು ಸುಸ್ತಾಗಿರುತ್ತಾರೆ.

ಎರಡನೇ ಮತ್ತು ಮೂರನೇ ಊರಿನಲ್ಲಿ ಪಾಲಕರಿಗಾಗಿ ಕಾಯಬೇಡಿ. ಹೇಳಿದ ಹೊತ್ತಿಗೆ ಉಪದೇಶಿಯವರು ಹಾಡು, ಪಾಠಗಳ ಓದು, ವಿಜ್ಞಾಪನೆ ಶುರು ಮಾಡಲಿ. ಪಾಲಕರು ಬಂದಮೇಲೆ ಪಾಪಾರಿಕೆ (ಪಾಪಗಳನ್ನು ಒಪ್ಪಿಕೊಳ್ಳುವ ಪ್ರಾರ್ಥನೆ), ಕ್ಷಮೆಯ ಮಾತು, ಚಿಕ್ಕ ಪ್ರಸಂಗ (ಉಪದೇಶದ ಮಾತು), ಆಮೇಲೆ ರೊಟ್ಟಿ ಮುರಿಯುವ ಭಾಗ. ಪುಸ್ತಕದ ಅನುಕ್ರಮ ಇದರಿಂದ ಸ್ವಲ್ಪ ಹಿಂದುಮುಂದಾಗುತ್ತದೆ. ಪಾಲಕರ ಒಪ್ಪಿಗೆ ಮೊದಲೇ ಪಡೆದಿರಿ. ಅಷ್ಟಾಗಿಯೂ ಹೊಂದದಿದ್ದರೆ ಒಂದು ಊರಿಗೆ 24ರ ಸಂಜೆ ಇಡಿ.

ಎಷ್ಟು ಹಾಡು ಇರಬೇಕು?

ಹಾಡಿನ ತಂಡ ಅಂದುಕೊಂಡದ್ದಕ್ಕಿಂತ ಕಡಿಮೆ. ಕ್ರಿಸ್‌ಮಸ್ ಆರಾಧನೆಗಳು ಎಳೆಯುವುದಕ್ಕೆ ಪ್ರಸಂಗ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಬಹಳ ಸಲ ಕಾರಣ ಹಾಡು. ಯುವಜನರದ್ದು ಎರಡು, ಸ್ತ್ರೀಯರ ಅನ್ಯೋನ್ಯ ಕೂಟದ್ದು ಎರಡು, ಸಂಡೇ ಸ್ಕೂಲ್ ಮಕ್ಕಳದ್ದು ಮೂರು, ಬೆಂಗಳೂರಿನಿಂದ ರಜೆಗೆ ಬಂದವರದ್ದು ಒಂದು. ತಲಾ ಐದು ನಿಮಿಷವೆಂದರೂ ನಲವತ್ತು ನಿಮಿಷ ಹೋಯಿತು. ಆಮೇಲೆ ಹೊತ್ತಾಯಿತೆಂದು ಸಂಸ್ಕಾರವನ್ನು ಓಡಿಸುತ್ತಾರೆ. ಆ ಬೆಳಗ್ಗೆ ಓಡಿಸಬಾರದ ಭಾಗ ಅದೊಂದೇ.

ಸಭೆಯವರೆಲ್ಲ ಸೇರಿ ಹಾಡುವ ಹಾಡು ಐದು ಸಾಕು: ಪ್ರವೇಶಕ್ಕೆ ಒಂದು, ಪ್ರಸಂಗಕ್ಕೆ ಮುಂಚೆ ಒಂದು, ಕಾಣಿಕೆಗೆ ಒಂದು, ರೊಟ್ಟಿ ದ್ರಾಕ್ಷಾರಸ ಹಂಚುವಾಗ ಒಂದು, ಕಡೆಗೆ ಒಂದು. ಹಂಚುವ ಹೊತ್ತು ಹೆಚ್ಚಾದರೆ ಅಲ್ಲಿ ಮಾತ್ರ ಎರಡು ಮೂರು ಸೇರಿಸಿ. ತಂಡಗಳ ವಿಶೇಷ ಹಾಡುಗಳನ್ನು ಆಶೀರ್ವಾದ ಮುಗಿದ ಮೇಲೆ ಅಂಗಳಕ್ಕೆ ಹಾಕಿ. ಕೋಲಾಟವೂ ಅಲ್ಲಿಗೇ ಒಪ್ಪುತ್ತದೆ. ಮಕ್ಕಳ ಹಾಡು ಒಂದನ್ನು ಬೇಕಿದ್ದರೆ ಸುವಾರ್ತೆ ಓದುವ ಮುಂಚೆ ಇಡಬಹುದು.

ಹೊಸ ಹಾಡು ಆ ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಆ ಒಂದನ್ನೂ ಹಬ್ಬಕ್ಕೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಹಾಡಿಸಿ ರೂಢಿ ಮಾಡಿ. ಓದು ಬಾರದ ಅಜ್ಜಿ ಬಾಯಿಪಾಠವಾಗಿ ಹಾಡುವ ಹಾಡೇ ಸಂಸ್ಕಾರದ ಹೊತ್ತಿಗೆ ಸರಿ, ಏಕೆಂದರೆ ಎದ್ದು ಹೋಗಿ ಮೊಣಕಾಲೂರುವವರ ಕೈಯಲ್ಲಿ ಪುಸ್ತಕ ಇರುವುದಿಲ್ಲ.

ಆರಾಧನಾ ಕ್ರಮದ ಯಾವ ಭಾಗಗಳನ್ನು ಭಜನೆ ಧಾಟಿಯಲ್ಲಿ ಹಾಡಬಹುದು?

ನಾಲ್ಕು ಜಾಗ ಇವೆ. ಆರಂಭದ ಮಹಿಮೆಯ ಗೀತೆ, ಅದರ ಬದಲು ಹೇಳುವುದಾದರೆ 'ಪರಿಶುದ್ಧ ದೇವರೇ' ಎಂಬ ತ್ರಿಪರಿಶುದ್ಧ ಪ್ರಾರ್ಥನೆ, ಸ್ತೋತ್ರ ಪ್ರಾರ್ಥನೆಯ ನಡುವೆ ಬರುವ 'ಪರಿಶುದ್ಧ, ಪರಿಶುದ್ಧ, ಪರಿಶುದ್ಧ', ಮತ್ತು ರೊಟ್ಟಿ ಮುರಿದ ಮೇಲಿನ 'ದೇವರ ಕುರಿಮರಿ'. ವಿಜ್ಞಾಪನೆಯ ಪ್ರತಿವಚನವನ್ನೂ ರಾಗವಾಗಿ ಹೇಳಬಹುದು.

ತೊಡಕು ಏನೆಂದರೆ ಇವು ಗದ್ಯ. ಪ್ರಾಸವಿಲ್ಲ, ಮಾತ್ರೆ ಸಮ ಇಲ್ಲ. ಇಡೀ ಮಹಿಮೆಯ ಗೀತೆಯನ್ನು ಆದಿತಾಳಕ್ಕೆ ಕೂರಿಸಲು ಹೊರಟರೆ ಮಾತನ್ನು ಎಳೆದು, ಕತ್ತರಿಸಿ, ಕೊನೆಗೆ ಪಾಠವನ್ನೇ ಬದಲಿಸಬೇಕಾಗುತ್ತದೆ. ಅದಕ್ಕೆ ಒಳ್ಳೆಯ ದಾರಿ: 'ಮೇಲಣ ಲೋಕಗಳಲ್ಲಿ ದೇವರಿಗೆ ಮಹಿಮೆ' ಎಂಬ ಮೊದಲ ಸಾಲನ್ನು ಮಾತ್ರ ಪಲ್ಲವಿ ಮಾಡಿ ತಾಳಕ್ಕೆ ಕೂರಿಸಿ. ಉಳಿದ ಮಾತುಗಳನ್ನು ಒಬ್ಬರು ಅದೇ ರಾಗದಲ್ಲಿ, ತಾಳವಿಲ್ಲದೆ, ಶ್ಲೋಕ ಹೇಳುವ ಹಾಗೆ ಹೇಳಿಕೊಂಡು ಹೋಗಲಿ. ಪ್ರತಿ ಎರಡು ಮೂರು ವಾಕ್ಯಕ್ಕೊಮ್ಮೆ ಸಭೆ ಪಲ್ಲವಿ ಎತ್ತಿಕೊಳ್ಳಲಿ. ಮೃದಂಗದವರು ಶ್ಲೋಕದ ಭಾಗದಲ್ಲಿ ಕೈ ಎತ್ತಿಬಿಡಬೇಕು. ಪಲ್ಲವಿಯ ಕೊನೆಯಲ್ಲಿ ಚಿಕ್ಕದೊಂದು ಮುಕ್ತಾಯ ನುಡಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ.

'ದೇವರ ಕುರಿಮರಿ'ಗೆ ಚರ್ಮವಾದ್ಯ ಬೇಡ. ಹಾರ್ಮೋನಿಯಂ ಶ್ರುತಿ ಮಾತ್ರ ಹಿಡಿದುಕೊಳ್ಳಲಿ. ಪಾಪಾರಿಕೆಗೂ, ರೊಟ್ಟಿ ಎತ್ತಿ ಹೇಳುವ ಸ್ಥಾಪನೆಯ ಮಾತುಗಳಿಗೂ ಹಿಂದೆ ಯಾವ ವಾದ್ಯವೂ ಕೇಳಬಾರದು. ಈಚೆಗೆ ಕೀಬೋರ್ಡಿನಲ್ಲಿ ಮೆಲ್ಲಗೆ ಏನಾದರೂ ನುಡಿಸುತ್ತಲೇ ಇರುವ ಚಾಳಿ ಬಂದಿದೆ. ಸಿನಿಮಾಕ್ಕೆ ಸರಿ.

ಯಾವ ರಾಗಗಳು ಹೊಂದುತ್ತವೆ?

ಕ್ರಿಸ್‌ಮಸ್‌ನ ಸಂತೋಷಕ್ಕೆ ಮೋಹನ, ಬಿಲಹರಿ, ಶಂಕರಾಭರಣ. ಪಾಪಾರಿಕೆಯ ಕೀರ್ತನೆಗೆ ನಾದನಾಮಕ್ರಿಯೆ. ಹಂಚುವಾಗ ಆನಂದಭೈರವಿ. ಕಡೆಯ ಮಂಗಳಕ್ಕೆ ಮಧ್ಯಮಾವತಿ. ಶಂಕರಾಭರಣಕ್ಕೆ ಒಂದು ಉಪಯೋಗವಿದೆ: ಅದರ ಸ್ವರಗಳೂ ಇಂಗ್ಲಿಷ್ ಧಾಟಿಯ ಹೆಚ್ಚಿನ ಕ್ಯಾರೊಲ್‌ಗಳ ಸ್ವರಗಳೂ ಒಂದೇ, ಹಾಗಾಗಿ ಕೀರ್ತನೆಯಿಂದ ಕ್ಯಾರೊಲ್‌ಗೆ ಹೋಗುವಾಗ ಹಾರ್ಮೋನಿಯಂನವರು ಮನೆ (ಶ್ರುತಿ ಹಿಡಿಯುವ ಕೀಲಿ) ಬದಲಿಸಬೇಕಿಲ್ಲ. ಆನಂದಭೈರವಿಯ ಗಮಕ ಹಾರ್ಮೋನಿಯಂನಲ್ಲಿ ಬರುವುದಿಲ್ಲ. ಹಾಡುವವರು ಎಳೆಯಲಿ, ಪೆಟ್ಟಿಗೆಯವರು ಆಧಾರ ಸ್ವರ ಹಿಡಿದು ಸುಮ್ಮನಿರಲಿ.

ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಒಟ್ಟಿಗೆ ಹಾಡಬೇಕು. ಶ್ರುತಿ ಯಾವುದಿಡಬೇಕು?

ಹಾಡಿನ ಪಲ್ಲವಿ ನೋಡಿ ಶ್ರುತಿ ಇಡುವುದೇ ಮೂಲ ತಪ್ಪು. ಚರಣ ನೋಡಿ ಇಡಬೇಕು. ನಮ್ಮ ಕೀರ್ತನೆಗಳಲ್ಲಿ ಚರಣ ಮೇಲೇರುತ್ತದೆ, ಅನುಪಲ್ಲವಿ ಕೆಲವು ಸಲ ಅದಕ್ಕಿಂತ ಮೇಲೆ. ಹಾಡಿನ ಅತಿ ಎತ್ತರದ ಸ್ವರ ಯಾವುದು ನೋಡಿಕೊಂಡು, ಅದು ಎರಡು ಮನೆಯ (ಇಂಗ್ಲಿಷ್ ಲೆಕ್ಕದಲ್ಲಿ D) ಮೇಲಿನ ಷಡ್ಜ ದಾಟದಂತೆ ಇಡಿ. ಹಾಡು ಮಧ್ಯ ಷಡ್ಜದಿಂದ ತಾರ ಷಡ್ಜದ ಒಳಗೇ ಇದ್ದರೆ ಒಂದು ಮನೆಯಿಂದ ಎರಡು ಮನೆಯವರೆಗೆ ಯಾವುದಾದರೂ ನಡೆಯುತ್ತದೆ. ತಾರ ಗಾಂಧಾರ ಮುಟ್ಟುವ ಹಾಡಾದರೆ ಕೆಳ ಸಪ್ತಕದ ಆರು ಅಥವಾ ಆರೂವರೆ ಮನೆಗೆ ಇಳಿಸಿ. ಗಂಡಸರ ದನಿ ತಳದಲ್ಲಿ ಸ್ವಲ್ಪ ಗುಣುಗುತ್ತದೆ, ಪರವಾಗಿಲ್ಲ. ಮೇಲೆ ಯಾರೂ ಕಿರುಚುವುದಿಲ್ಲ.

ಇನ್ನೊಂದು ನೆನಪಿರಲಿ. ಬೆಳಗಿನ ಜಾವ ಐದಕ್ಕೆ, ಕೋಲಾರದ ಡಿಸೆಂಬರ್ ಚಳಿಯಲ್ಲಿ, ಯಾರ ಗಂಟಲೂ ಅಭ್ಯಾಸದ ಸಂಜೆ ಇದ್ದಂತೆ ಇರುವುದಿಲ್ಲ. ಸಂಜೆ ಅಭ್ಯಾಸದಲ್ಲಿ ಎರಡು ಮನೆಗೆ ಹಾಡಿದ್ದನ್ನು ಬೆಳಿಗ್ಗೆ ಅರ್ಧ ಮನೆ ಇಳಿಸಿಯೇ ಶುರು ಮಾಡಿ.

ಹಾಡಿಗೊಂದು ಶ್ರುತಿ ಬದಲಿಸಿದರೆ ಮೃದಂಗದವರು ಸಿಟ್ಟಾಗುತ್ತಾರೆ. ಏನು ಮಾಡುವುದು?

ಅವರ ಸಿಟ್ಟು ನ್ಯಾಯವೇ. ಹಾರ್ಮೋನಿಯಂನವರು ಬೆರಳು ಸರಿಸಿದರೆ ಆಯಿತು. ಮೃದಂಗದ ಬಲ ಮುಖವನ್ನು ಕಲ್ಲು ಗುಟ್ಟ ಹಿಡಿದು ಸುತ್ತ ಬಡಿದು ಕೂಡಿಸಲು ಹತ್ತು ನಿಮಿಷ ಬೇಕು, ಏರಿಳಿಸಲು ಅರ್ಧ ಒಂದು ಮನೆಗಿಂತ ಹೆಚ್ಚು ಅವಕಾಶವೂ ಇಲ್ಲ. ಹಾಡುಗಳನ್ನು ಎರಡೇ ಶ್ರುತಿಗೆ ಗುಂಪು ಮಾಡಿ. ಒಂದು ಮನೆಗೆ ಕೂಡಿಸಿದ ಮೃದಂಗ ನಾಲ್ಕು ಮನೆಯ ಹಾಡಿಗೂ ಹೊಂದುತ್ತದೆ, ಏಕೆಂದರೆ ಅಲ್ಲಿ ಅದರ ನಾದ ಪಂಚಮವಾಗುತ್ತದೆ. ಹಾಗೆಯೇ ಎರಡು ಮನೆಯದು ಐದು ಮನೆಗೆ. ತಬಲಕ್ಕೂ ಇದೇ ಲೆಕ್ಕ. ಢೋಲಕ್‌ನಲ್ಲಿ ಶ್ರುತಿಯ ಕಟ್ಟು ಅಷ್ಟು ಬಿಗಿಯಿಲ್ಲ. ನುಡಿಸುವವರು ಹೊಸಬರಾದರೆ ಢೋಲಕ್ಕೇ ವಾಸಿ.

ಎಡ ಮುಖಕ್ಕೆ ರವೆ ಹಚ್ಚುವುದನ್ನು ಆರಾಧನೆಗೆ ಅರ್ಧ ಗಂಟೆ ಇರುವಾಗ ಮಾಡಿ. ಒಣಗಿ ಬಿರುಕು ಬಿಟ್ಟರೆ ಒದ್ದೆ ಬೆರಳಲ್ಲಿ ಸವರಿ. ಪ್ರಸಂಗದ ಹೊತ್ತು ಇದಕ್ಕೆ ಅನುಕೂಲ, ಪಾಲಕರಿಗೆ ಕಾಣದಂತೆ.

ಚರ್ಚಿನೊಳಗೆ ತಮಟೆ ಬಾರಿಸಬಹುದೇ?

ಎರಡು ಮಾತು ಬೇರೆ ಬೇರೆ ಹೇಳಬೇಕು.

ಮೊದಲನೆಯದು ಶಬ್ದದ್ದು. ಮೂವತ್ತು ಅಡಿ ಉದ್ದದ, ಶೀಟು ಹೊದಿಸಿದ ಚರ್ಚಿನಲ್ಲಿ ನಾಲ್ಕು ತಮಟೆ ಬಾರಿಸಿದರೆ ಹಾಡು ಯಾರಿಗೂ ಕೇಳಿಸುವುದಿಲ್ಲ. ಎರಡು ಸಾಕು, ಅದೂ ಬಾಗಿಲ ಬಳಿ ನಿಂತು. ಪ್ರವೇಶದ ಮೆರವಣಿಗೆಗೆ, ರೊಟ್ಟಿ ದ್ರಾಕ್ಷಾರಸ ಕಾಣಿಕೆಗಳನ್ನು ಮೇಜಿಗೆ ತರುವಾಗ, ಕಡೆಯ ಹಾಡಿಗೆ ಬಹಳ ಚೆನ್ನಾಗಿ ಒದಗುತ್ತದೆ. ಬೆಳಗಿನ ಮಂಜಿಗೆ ಚರ್ಮ ಸಡಿಲವಾಗಿ 'ದಪ್ ದಪ್' ಅನ್ನುತ್ತದೆ. ಒಣ ಹುಲ್ಲಿನ ಬೆಂಕಿಯಿಂದ ಒಂದೂವರೆ ಅಡಿ ಮೇಲೆ ಹಿಡಿದು, ತಿರುಗಿಸುತ್ತಾ ಮೂರು ನಾಲ್ಕು ನಿಮಿಷ ಕಾಯಿಸಿ. ಬೆರಳಲ್ಲಿ ತಟ್ಟಿದಾಗ ದನಿ 'ಖಣ್' ಎಂದರೆ ನಿಲ್ಲಿಸಿ. ತೀರ ಹತ್ತಿರ ಹಿಡಿದರೆ ಅಂಚಿನಲ್ಲಿ ಸೀಳುತ್ತದೆ. ಇಪ್ಪತ್ತು ನಿಮಿಷಕ್ಕೆ ಮತ್ತೆ ಸಡಿಲಾಗುವುದರಿಂದ ಕಾಣಿಕೆಯ ಹಾಡಿಗೆ ಮುಂಚೆ ಇನ್ನೊಮ್ಮೆ ಕಾಯಿಸಬೇಕು. ಬೆಂಕಿ ಹಾಕುವ ಜಾಗ ನೋಡಿ: ಡಿಸೆಂಬರ್ ಎಂದರೆ ರಾಗಿ ಕೊಯ್ಲಾಗಿ ಮನೆಮನೆಯ ಹಿಂದೆ ಬಣವೆ ಒಟ್ಟಿರುವ ಕಾಲ.

ಎರಡನೆಯದು ಮನಸ್ಸಿನದ್ದು. ಈ ಸೀಮೆಯ ಅನೇಕ ಹಳ್ಳಿಗಳಲ್ಲಿ ತಮಟೆಯನ್ನು ದಲಿತರ ಮೇಲೆ ಬಿಟ್ಟಿ ಚಾಕರಿಯಾಗಿ ಹೊರಿಸಿದ ಚರಿತ್ರೆ ಇದೆ. ಅದನ್ನು ಬಿಡಲೆಂದೇ ಚರ್ಚಿಗೆ ಬಂದ ಕುಟುಂಬಗಳ ಹಿರಿಯರು "ಇಲ್ಲಿ ಅದು ಬೇಡ" ಎಂದರೆ ವಾದ ಮಾಡಬೇಡಿ. ಮೊಮ್ಮಕ್ಕಳ ತಲೆಮಾರು ಅದನ್ನೇ ಹೆಮ್ಮೆಯಿಂದ ಎತ್ತಿಕೊಳ್ಳುವುದೂ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದಕ್ಕೆ ಬಲ ಕೊಟ್ಟಿದೆ. ತೀರ್ಮಾನ ಬಾರಿಸುವ ಮನೆತನಗಳದ್ದಾಗಲಿ, ಸಂಗೀತ ಸಮಿತಿಯದ್ದಲ್ಲ. ಬಾರಿಸುವವರನ್ನು ಹೊರಗಿನಿಂದ ಕರೆಸಿದರೆ ಸಂಭಾವನೆ ಮೊದಲೇ ಮಾತಾಡಿ ಕೊಡಿ.

ಹಾಡು ಶುರುವಾದಾಗ ಸರಿ ಇರುತ್ತದೆ, ಮೂರನೇ ಚರಣಕ್ಕೆ ಓಡುತ್ತಿರುತ್ತದೆ. ಯಾಕೆ?

ಚಪ್ಪಾಳೆ. ಐವತ್ತು ಜನ ಚಪ್ಪಾಳೆ ತಟ್ಟಿದರೆ ಪ್ರತಿಯೊಬ್ಬರೂ ಪಕ್ಕದವರಿಗಿಂತ ಕೂದಲೆಳೆಯಷ್ಟು ಮುಂದೆ ತಟ್ಟುತ್ತಾರೆ. ಕಾಲ ಹಿಡಿಯುವ ಅಧಿಕಾರವನ್ನು ತಾಳದವರೊಬ್ಬರ ಕೈಗೆ ಕೊಡಿ, ಅದೂ ಅವಸರವಿಲ್ಲದ ಹಿರಿಯರೊಬ್ಬರಿಗೆ. ಮೃದಂಗ, ಹಾರ್ಮೋನಿಯಂ ಎರಡೂ ತಾಳವನ್ನು ಹಿಂಬಾಲಿಸಬೇಕು, ತಾಳ ಅವರನ್ನಲ್ಲ. ಹಂಚುವ ಹೊತ್ತಿನ ಹಾಡಿಗೆ ಸೆಕೆಂಡಿಗೊಂದು ಅಕ್ಷರ (ತಾಳದ ಒಂದು ಎಣಿಕೆ) ಎಂದಿಟ್ಟುಕೊಂಡರೆ ಗೋಡೆ ಗಡಿಯಾರವೇ ಸಾಕ್ಷಿ. ಪ್ರವೇಶದ ಹಾಡಿಗೆ ಮೂರು ಸೆಕೆಂಡಿಗೆ ಐದು ಅಕ್ಷರದ ತನಕ ಹೋಗಬಹುದು.

ಇನ್ನೊಂದು ಕಾಯಿಲೆ ಎತ್ತುಗಡೆಯದ್ದು. ಸಮದಲ್ಲಿ (ತಾಳದ ಮೊದಲ ಪೆಟ್ಟಿಗೆ) ಶುರುವಾಗದೆ ಅರ್ಧ ಅಕ್ಷರ ಬಿಟ್ಟು ಎತ್ತುವ ಹಾಡನ್ನು ಸಭೆ ಸಮಕ್ಕೇ ಎತ್ತಿಬಿಡುತ್ತದೆ. ಅಲ್ಲಿಂದ ಹಾಡು ತಾಳದ ಮೇಲೆ ಜಾರುತ್ತಾ ಹೋಗುತ್ತದೆ. ಮುಂದಾಳು ಪಲ್ಲವಿಯನ್ನು ಒಮ್ಮೆ ಒಬ್ಬರೇ, ಕೈ ಎತ್ತಿ ತಾಳ ಹಾಕಿ ತೋರಿಸುತ್ತಾ ಹಾಡಲಿ. ಎರಡನೇ ಸಲಕ್ಕೆ ಎಲ್ಲರೂ ಸೇರಲಿ.

ವರ್ಷವೆಲ್ಲ ಮೂಲೆಯಲ್ಲಿದ್ದ ಹಾರ್ಮೋನಿಯಂ. ಯಾವಾಗ ನೋಡಿಕೊಳ್ಳಬೇಕು?

ನವೆಂಬರ್ ಮೊದಲ ವಾರ. ಡಿಸೆಂಬರ್‌ನಲ್ಲಿ ರಿಪೇರಿಯವರ ಬಳಿ ಸಾಲು ಇರುತ್ತದೆ. ಮೊದಲು ತಿದಿ ಪರೀಕ್ಷಿಸಿ: ಸ್ಟಾಪರ್‌ಗಳನ್ನೆಲ್ಲ ಒಳಗೆ ತಳ್ಳಿ, ಗಾಳಿ ತುಂಬಿ ಕೈಬಿಡಿ. ತಿದಿ ತಾನೇ ಬೇಗ ಕುಸಿದರೆ ಎಲ್ಲೋ ಸೋರುತ್ತಿದೆ. ಹೆಚ್ಚಿನ ಸಲ ಇಲಿ ಕಡಿದ ಮಡಿಕೆ. ತೆಳು ಚರ್ಮದ ತೇಪೆಯನ್ನು ಬಡಗಿ ಬಳಸುವ ಬಿಳಿ ಗೋಂದಿನಲ್ಲಿ ಅಂಟಿಸಿ ಒಂದು ರಾತ್ರಿ ಬಿಟ್ಟರೆ ಹಬ್ಬ ಕಳೆಯುತ್ತದೆ.

ಮುಟ್ಟದೆಯೇ ಒಂದು ಸ್ವರ ಕೂಗುತ್ತಿದ್ದರೆ ಆ ಮನೆಯ ಸ್ಪ್ರಿಂಗ್ ಸಡಿಲಾಗಿದೆ, ಇಲ್ಲವೇ ಕಟ್ಟಿಗೆ ಉಬ್ಬಿ ಪಕ್ಕದ್ದಕ್ಕೆ ತಾಗುತ್ತಿದೆ. ಒತ್ತಿದರೂ ಸ್ವರ ಬಾರದಿದ್ದರೆ ರೀಡಿನ ಸಂದಿಯಲ್ಲಿ ದೂಳು: ಮೇಲಿನ ಹಲಗೆ ತೆಗೆದು, ತೆಳು ಕಾಗದದ ಅಂಚನ್ನು ನಾಲಗೆಯ ಕೆಳಗೆ ಮೆಲ್ಲಗೆ ಸರಿಸಿ ಎಳೆಯಿರಿ. ಪಿನ್ನು, ಬ್ಲೇಡು ಹಾಕಿ ಕೆರೆಯಬೇಡಿ. ಒಂದು ಗೀರು ಬಿದ್ದರೂ ಆ ಸ್ವರದ ಶ್ರುತಿ ಹೋಗುತ್ತದೆ. ಎಣ್ಣೆಯಂತೂ ಎಲ್ಲಿಯೂ ಹಾಕಬಾರದು.

ಕೀಬೋರ್ಡ್ ಇದೆಯಲ್ಲ, ಸಾಲದೇ?

ಸಾಕು, ಕರೆಂಟ್ ಇರುವವರೆಗೆ. ಹಾರ್ಮೋನಿಯಂ ಪೆಟ್ಟಿಗೆಯೂ ಪಕ್ಕದಲ್ಲಿ ಸಿದ್ಧವಾಗಿರಲಿ. ಕೀಬೋರ್ಡಿನ ತಯಾರಿ ತಾಳಗಳನ್ನು ಒತ್ತಿ ಕೀರ್ತನೆ ಹಾಡಿಸುವುದು ಮಾತ್ರ ಬೇಡ. ಅದು ಉಸಿರು ಬಿಡಲು ನಿಲ್ಲುವುದಿಲ್ಲ.

ಸಭೆಯಲ್ಲಿ ಅರ್ಧ ಜನ ತೆಲುಗಿನವರು. ಹಾಡು ಯಾವ ಭಾಷೆಯಲ್ಲಿ?

ಎರಡೂ. ಸಂತಕವಿ ಕೈವಾರ ತಾತಯ್ಯನವರ ತೆಲುಗು ಪದಗಳನ್ನು ಕನ್ನಡದವರೂ ಹಾಡಿಕೊಂಡು ಬಂದ ಸೀಮೆ ಇದು, ಇಲ್ಲಿ ಆ ತಕರಾರಿಗೆ ಅರ್ಥವಿಲ್ಲ. ಆರಾಧನಾ ಕ್ರಮ ಒಂದು ಭಾಷೆಯಲ್ಲಿ ಇರಲಿ, ಹಾಡಿನಲ್ಲಿ ಎರಡು ತೆಲುಗು ಇರಲಿ. ಕೆ.ಜಿ.ಎಫ್. ಕಡೆಯಾದರೆ ತಮಿಳೂ ಒಂದು. ಬೇರೆ ಭಾಷೆಯ ಹಾಡನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿ ಕೊಟ್ಟರೆ ಮಕ್ಕಳೂ ಸೇರುತ್ತಾರೆ. ಅಕ್ಷರ ದೊಡ್ಡದಿರಲಿ, ಹದಿನಾಲ್ಕು ಪಾಯಿಂಟ್‌ಗಿಂತ ಕಡಿಮೆ ಬೇಡ. ಬೆಳಗಿನ ಜಾವದ ಬೆಳಕು ಮಂದ. ಒಂದೇ ಹಾಡಿನ ಚರಣಗಳನ್ನು ಭಾಷೆ ಬದಲಿಸುತ್ತಾ ಹಾಡುವ ಪ್ರಯೋಗ ಕೇಳಲು ಚಂದ, ಆದರೆ ಧಾಟಿ ಒಂದೇ ಇದ್ದರೂ ಮಾತ್ರೆ ಹೊಂದದೆ ಸಭೆ ತಡವರಿಸುತ್ತದೆ.

200 ಜನ ಸಂಸ್ಕಾರ ತೆಗೆದುಕೊಳ್ಳುವವರಿದ್ದರೆ ರೊಟ್ಟಿ, ದ್ರಾಕ್ಷಾರಸ ಎಷ್ಟು ಬೇಕು?

ಚಿಕ್ಕ ಬಟ್ಟಲುಗಳಲ್ಲಿ ಕೊಡುವುದಾದರೆ ಒಬ್ಬರಿಗೆ 6 ಮಿ.ಲೀ. ಹಿಡಿದು 1.2 ಲೀಟರ್, ಚೆಲ್ಲುವುದಕ್ಕೆಂದು ಇನ್ನು 100 ಮಿ.ಲೀ. ಬಟ್ಟಲನ್ನು ಅರ್ಧದಷ್ಟು ಮಾತ್ರ ತುಂಬಿಸಿ. ಅಂಚಿನ ತನಕ ತುಂಬಿದ ಬಟ್ಟಲು ಬಿಳಿ ಸೀರೆಗಳ ಮೇಲೆ ಗುರುತು ಬಿಡುತ್ತದೆ. ಒಂದೇ ಪಾತ್ರೆಯಿಂದ ಗುಟುಕು ಕೊಡುವುದಾದರೆ 800 ಮಿ.ಲೀ. ನಿಂದ ಒಂದು ಲೀಟರ್. ರೊಟ್ಟಿಯನ್ನು ಅದ್ದಿ ಕೊಡುವುದಾದರೆ 300 ಮಿ.ಲೀ. ಕೂಡ ಮಿಗುತ್ತದೆ.

ಸಾದಾ ಬ್ರೆಡ್ ಬಳಸುವ ಸಭೆಗಳು ಅಂಚು ತೆಗೆದು ಒಂದೂವರೆ ಸೆಂಟಿಮೀಟರ್ ಚೌಕ ಮಾಡಿದರೆ ಬ್ರೆಡ್ಡಿನ ಒಂದು ಹೋಳಿನಿಂದ ಮೂವತ್ತಾರು ತುಂಡು ಬರುತ್ತವೆ, ಆರು ಹೋಳು ಸಾಕು. ಹಿಂದಿನ ರಾತ್ರಿ ಕತ್ತರಿಸಿ ತೆರೆದಿಟ್ಟರೆ ಬೆಳಿಗ್ಗೆ ಗಂಟಲಿಗೆ ಅಂಟುವಷ್ಟು ಒಣಗಿರುತ್ತದೆ. ಒದ್ದೆ ಮಾಡಿ ಹಿಂಡಿದ ಬಟ್ಟೆ ಮುಚ್ಚಿಡಿ. ಉಪ್ಪು, ಎಣ್ಣೆ ಹಾಕದ ಚಪಾತಿ ಬಳಸುವುದಾದರೆ ಐದಾರು ಬೇಕು. ದಪ್ಪ ಇರಲಿ, ತೆಳುವಾದದ್ದು ಮುರಿಯುವಾಗ ಪುಡಿಯಾಗುತ್ತದೆ. ಅದ್ದಿ ಕೊಡುವ ಪದ್ಧತಿ ಇದ್ದರೆ ಬ್ರೆಡ್ ಬೇಡವೇ ಬೇಡ: ಪಾತ್ರೆಯ ತಳದಲ್ಲಿ ಗಸಿ ಕೂರುತ್ತದೆ. ವೇಫರ್, ಅಂದರೆ ಸಂಸ್ಕಾರಕ್ಕೆಂದೇ ಮಾಡಿದ ತೆಳು ಬಿಲ್ಲೆ, ಒಳ್ಳೆಯದು.

ದ್ರಾಕ್ಷಾರಸ ನಾವೇ ಮಾಡಿಕೊಳ್ಳಬಹುದೇ?

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿ ಇದಕ್ಕೆ ಹೇಳಿ ಮಾಡಿಸಿದ್ದು. ಬಣ್ಣ, ಹುಳಿ, ಪರಿಮಳ ಮೂರೂ ಇದೆ, ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಡಿಸೆಂಬರ್‌ನಲ್ಲಿ ಹಣ್ಣು ಸಿಗುವುದು ಆ ವರ್ಷ ತೋಟ ಸವರಿದ ಕಾಲ, ಮಳೆ ಇವುಗಳ ಮೇಲೆ ನಿಂತಿರುತ್ತದೆ. ಸಂತೆಯಲ್ಲಿ ಕಂಡಾಗ ಕೊಂಡು ರಸ ತೆಗೆದು ಫ್ರೀಜರ್‌ನಲ್ಲಿಟ್ಟರೆ ನಿಶ್ಚಿಂತೆ.

ಎರಡು ಕೆ.ಜಿ. ಹಣ್ಣಿಗೆ ಸುಮಾರು 1.2 ಲೀಟರ್ ರಸ ಬರುತ್ತದೆ. ತೊಟ್ಟು ಬಿಡಿಸಿ, ಉಪ್ಪು ನೀರಿನಲ್ಲಿ ತೊಳೆದು, ಮತ್ತೆ ಎರಡು ನೀರಿನಲ್ಲಿ ತೊಳೆಯಿರಿ. ಸ್ಟೀಲ್ ಪಾತ್ರೆಗೆ ಹಾಕಿ ಅರ್ಧ ಲೋಟ ನೀರು ಬೆರೆಸಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಇಡಿ, ಸಿಪ್ಪೆ ಒಡೆಯುವ ತನಕ. ಹಿತ್ತಾಳೆ, ಅಲ್ಯೂಮಿನಿಯಂ ಬೇಡ, ಹುಳಿಗೆ ಲೋಹ ಬಿಡುತ್ತದೆ. ಕುದಿಸಬೇಡಿ, ಬೇಯಿಸಿದ ಜಾಮಿನ ವಾಸನೆ ಬರುತ್ತದೆ. ಮಿಕ್ಸಿಗೂ ಹಾಕಬೇಡಿ, ಬೀಜ ಒಡೆದು ಕಹಿ ಮಾಡುತ್ತದೆ. ಮಲ್ ಬಟ್ಟೆಯಲ್ಲಿ ಹಿಂಡದೆ ಸೋಸಿ, ರಾತ್ರಿ ಫ್ರಿಜ್‌ನಲ್ಲಿಟ್ಟು, ತಳದಲ್ಲಿ ಕೂತ ಹರಳು ಗಸಿ ಬಿಟ್ಟು ತಿಳಿಯನ್ನು ಬಗ್ಗಿಸಿಕೊಳ್ಳಿ. ಮತ್ತೆ ಬಿಸಿ ಮಾಡಿ, ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಬಾಟಲಿಗೆ ತುಂಬಿಸಿ. ಫ್ರಿಜ್‌ನಲ್ಲಿ ನಾಲ್ಕೈದು ದಿನ ತಡೆಯುತ್ತದೆ. ಮುಚ್ಚಳ ತೆಗೆದಾಗ 'ಟಪ್' ಎಂದರೆ ಹುಳಿಯತೊಡಗಿದೆ ಎಂದರ್ಥ.

ಅಂಗಡಿಯ ದ್ರಾಕ್ಷಿ ಸಿರಪ್ಪಿಗೆ ನೀರು ಬೆರೆಸಿ ಇಡುವ ಸಭೆಗಳಿವೆ. ಲೇಬಲ್ ಓದಿ ನೋಡಿ, ಹಲವುಗಳಲ್ಲಿ ಸಕ್ಕರೆ, ಬಣ್ಣ, ಸುವಾಸನೆಯೇ ಹೆಚ್ಚು.

ಹುಳಿಸಿದ ವೈನ್ ಆಗಬಾರದೇ?

ಮನೆಯಲ್ಲಿ ಹುಳಿಸುವುದು ಅಬಕಾರಿ ಕಾಯ್ದೆಯ ಕೆಳಗೆ ಬರುತ್ತದೆ, ಪರವಾನಗಿ ಬೇಕು. ಜೊತೆಗೆ, ಕುಡಿತ ಬಿಡಿಸಿಕೊಂಡು ಬಂದವರು ಪ್ರತಿ ಹಳ್ಳಿ ಸಭೆಯಲ್ಲೂ ಇರುತ್ತಾರೆ. ಹುಳಿಯದ ರಸ ಅವರಿಗೂ ಸರಿ. ಮೆಥೋಡಿಸ್ಟರಲ್ಲಿ ಇದು ಹಳೆಯ ಪದ್ಧತಿ: ದ್ರಾಕ್ಷಿ ರಸವನ್ನು ಹುಳಿಯದಂತೆ ಕಾಯಿಸಿಡುವ ವಿಧಾನವನ್ನು 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ದಂತವೈದ್ಯರು ಕಂಡುಕೊಂಡದ್ದೇ ತಮ್ಮ ಮೆಥೋಡಿಸ್ಟ್ ಚರ್ಚಿನ ಸಂಸ್ಕಾರಕ್ಕಾಗಿ.

ಹಂಚುವುದಕ್ಕೆ ಎಷ್ಟು ಹೊತ್ತು?

ಮೊಣಕಾಲೂರುವ ಕಟಕಟೆಯಲ್ಲಿ ಹನ್ನೆರಡು ಜನ ಹಿಡಿಸಿದರೆ, ಒಂದು ಸಾಲಿಗೆ ಎರಡೂವರೆ ನಿಮಿಷ. 200 ಜನಕ್ಕೆ ಹದಿನೇಳು ಸಾಲು, ನಲವತ್ತು ನಿಮಿಷದ ಮೇಲೆ. ಇಬ್ಬರು ಎರಡು ಕಡೆ ನಿಂತು, ಜನ ನಿಂತೇ ತೆಗೆದುಕೊಂಡು ಹೋದರೆ ಹತ್ತು ನಿಮಿಷ. ಹಿರಿಯರಿಗೆ ಮೊಣಕಾಲೂರದೆ ಸಮಾಧಾನವಿಲ್ಲ. ಮಧ್ಯದ ದಾರಿ ಎಂದರೆ ಸಾಲು ಏಳುವ ಮುಂಚೆಯೇ ಮುಂದಿನ ಹನ್ನೆರಡು ಜನ ಬಂದು ಹಿಂದೆ ನಿಂತಿರುವುದು, ಬಂದವರು ಮಧ್ಯದಿಂದ, ಹೋಗುವವರು ಗೋಡೆ ಬದಿಯಿಂದ. ಇದಕ್ಕೆ ಇಬ್ಬರು ಹಿರಿಯರನ್ನು ನಿಲ್ಲಿಸಿದರೆ ಸಾಲಿಗೆ ಅರ್ಧ ನಿಮಿಷ ಉಳಿಯುತ್ತದೆ. ಹಾಡಿನ ತಂಡದವರು ಎಲ್ಲರಿಗಿಂತ ಮೊದಲು ತೆಗೆದುಕೊಳ್ಳಲಿ. ಕೊನೆಗೆ ಎಂದು ಬಿಟ್ಟರೆ ಅಷ್ಟು ಹೊತ್ತು ಹಾಡಿದವರು ಎದ್ದ ಕೂಡಲೇ ಚರ್ಚಿನಲ್ಲಿ ಬರೀ ಕಾಲಸಪ್ಪಳ ಉಳಿಯುತ್ತದೆ.

ಸಮಾಧಾನ ಹಂಚುವುದು (ಕೈಯಿಂದ ಕೈಗೆ ಶಾಂತಿಯ ವಂದನೆ ದಾಟಿಸುವುದು) ಹೇಗೆ?

ಪಾಲಕರಿಂದ ಮೇಜಿನ ಬಳಿಯ ಸಹಾಯಕರಿಗೆ, ಅವರಿಂದ ಪ್ರತಿ ಸಾಲಿನ ಮೊದಲನೆಯವರಿಗೆ, ಅಲ್ಲಿಂದ ಪಕ್ಕದವರಿಗೆ. ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ ತಾಗಬೇಕು, ಇಬ್ಬರೂ ಎಡಗೈ ಮೇಲೆ ಮುಚ್ಚಬೇಕು. ಇದು ಸಿರಿಯನ್ ಕ್ರೈಸ್ತರಿಂದ ಬಂದ ರೂಢಿ. 'ಹ್ಯಾಪಿ ಕ್ರಿಸ್‌ಮಸ್' ಎಂದು ಚರ್ಚಿನ ತುಂಬ ಓಡಾಡಿ ಕೈಕುಲುಕುವುದಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ.

ಯಾವ ಪಾಠಗಳನ್ನು ಓದಬೇಕು?

ಬೆಳಗಿನ ಜಾವಕ್ಕೆ ಯೆಶಾಯ 9:2-7, ತೀತ 2:11-14, ಲೂಕ 2:1-20. ಬೆಳಕು ಹರಿದ ಮೇಲಿನ ಆರಾಧನೆಗೆ ಯೆಶಾಯ 52:7-10, ಇಬ್ರಿಯ 1:1-4, ಯೋಹಾನ 1:1-14. ಕೀರ್ತನೆ 96 ಅಥವಾ 98. ನಿಮ್ಮ ಚರ್ಚಿನ ಪಾಠಪಟ್ಟಿ ಬೇರೆ ಹೇಳಿದರೆ ಅದೇ. ಓದುವ ಮಕ್ಕಳಿಗೆ ಔಗುಸ್ತ, ಕುರೇನ್ಯ ಎಂಬ ಹೆಸರುಗಳನ್ನು ಮೂರು ದಿನ ಮೊದಲೇ ಬಾಯಿಗೆ ಹತ್ತಿಸಿ.

ಬೆಳಿಗ್ಗೆ ಐದಕ್ಕೆ ಮೈಕ್ ಹಾಕಬಹುದೇ?

ಒಳಗೆ ಹಾಕಿ, ಹೊರಗೆ ಹಾರ್ನ್ ಬೇಡ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಗಲಿಗೂ ಲಿಖಿತ ಅನುಮತಿ ಬೇಕು. ಎಂಬತ್ತು ನೂರು ಜನರ ಚರ್ಚಿಗೆ ಹಾಡಿನ ಮೈಕೇ ಬೇಕಾಗಿಲ್ಲ. ಪಾಲಕರಿಗೊಂದು ಸಾಕು. ಹಾರ್ಮೋನಿಯಂ ಮುಂದೆ ಮೈಕ್ ಇಟ್ಟು ಹಾಡುವವರ ಮುಂದೆ ಇಡದೆ ಇರುವುದನ್ನು ಎಷ್ಟೋ ಕಡೆ ಕಾಣಬಹುದು, ಕಾರಣ ಮಾತ್ರ ತಿಳಿಯದು.

ಊರಿನ ಹಿಂದೂ, ಮುಸ್ಲಿಂ ನೆರೆಯವರೂ ಬರುತ್ತಾರೆ. ಅವರಿಗೆ ಏನು ಹೇಳಬೇಕು?

ಬಾಗಿಲಲ್ಲೇ ಒಬ್ಬರು ನಿಂತು ಬರಮಾಡಿಕೊಂಡು ಚಪ್ಪಲಿ ಬಿಡುವ ಜಾಗ, ಕೂರುವ ಕಡೆ ತೋರಿಸಲಿ. ಹಾಡು, ಪ್ರಾರ್ಥನೆಗೆ ಎಲ್ಲರೂ ಸೇರಬಹುದು. ರೊಟ್ಟಿ ದ್ರಾಕ್ಷಾರಸ ಸಿ.ಎಸ್.ಐ.ನಲ್ಲಿ ಸಾಮಾನ್ಯವಾಗಿ ಕನ್ಫರ್ಮೇಷನ್ (ಸಭೆಯ ಪೂರ್ಣ ಸದಸ್ಯರಾಗುವ ದೃಢೀಕರಣ) ಆದವರಿಗೆ. ಇದನ್ನು ಹಂಚುವ ಮುಂಚೆ ಪಾಲಕರು ಒಂದೇ ವಾಕ್ಯದಲ್ಲಿ, ಪ್ರೀತಿಯಿಂದ ಹೇಳಿಬಿಡಬೇಕು: "ಆಶೀರ್ವಾದ ಬೇಕಾದವರು ಕೈಮುಗಿದುಕೊಂಡು ಬನ್ನಿ." ಪ್ರಸಾದವೆಂದು ಕೈಯೊಡ್ಡಿದ ನೆರೆಯವರನ್ನು ಕಟಕಟೆಯ ಬಳಿ ತಡೆದು ಕಳಿಸುವ ಮುಜುಗರ ಆಗ ಬರುವುದಿಲ್ಲ. ಆರಾಧನೆ ಆದ ಮೇಲೆ ಕಜ್ಜಾಯ, ಕೇಕ್, ಕಾಫಿ ಮೊದಲು ಅವರಿಗೆ.

ಕಾಣಿಕೆಯಾಗಿ ಬಂದ ರಾಗಿ, ಕೋಳಿ, ತೆಂಗಿನಕಾಯಿ ಹರಾಜು ಯಾವಾಗ?

ಆಶೀರ್ವಾದ ಆದಮೇಲೆ, ಹೊರಗೆ. ಪ್ರಕಟಣೆಗಳೂ ಹಾಗೆಯೇ, ಸಂಘದ ವರದಿ, ಸನ್ಮಾನ, ಶಾಲು ಯಾವುದನ್ನೂ ಪ್ರಸಂಗ ಮತ್ತು ಸಂಸ್ಕಾರದ ನಡುವೆ ತೂರಿಸಬೇಡಿ. ಕೋಳಿಯ ಕಾಲು ಕಟ್ಟಿ ಅಂಗಳದಲ್ಲೇ ಇಡಿ, ಸ್ತೋತ್ರ ಪ್ರಾರ್ಥನೆಗೆ ಅದೂ ದನಿಗೂಡಿಸುತ್ತದೆ.

ಉಳಿದ ರೊಟ್ಟಿ, ದ್ರಾಕ್ಷಾರಸ ಏನು ಮಾಡಬೇಕು? ಹಾಸಿಗೆ ಹಿಡಿದವರಿಗೆ?

ಹಾಸಿಗೆ ಹಿಡಿದವರ ಪಟ್ಟಿಯನ್ನು 23ರೊಳಗೆ ಪಾಲಕರ ಕೈಗೆ ಕೊಡಿ: ಹೆಸರು, ಕೇರಿ, ನುಂಗಲು ಕಷ್ಟವಿದೆಯೇ, ಸಕ್ಕರೆ ಕಾಯಿಲೆ ಇದೆಯೇ. ಅವರ ಲೆಕ್ಕದ ತುಂಡುಗಳನ್ನು ಮುಚ್ಚಳದ ಡಬ್ಬಿಯಲ್ಲಿ, ರಸವನ್ನು ಚಿಕ್ಕ ಸೀಸೆಯಲ್ಲಿ ಪ್ರತ್ಯೇಕ ತೆಗೆದಿಟ್ಟು ಅದೇ ಬೆಳಿಗ್ಗೆ ಕೊಂಡೊಯ್ಯಬೇಕು. ನುಂಗಲಾರದವರಿಗೆ ಸಾಸಿವೆ ಕಾಳಿನಷ್ಟು ತುಂಡನ್ನು ಚಮಚದ ರಸದಲ್ಲಿ ನೆನೆಸಿ ಕೊಡುತ್ತಾರೆ. ಹಾಡಿನ ತಂಡದಿಂದ ಇಬ್ಬರು ಜೊತೆಗೆ ಹೋಗಿ, ಹಂಚುವಾಗ ಹಾಡಿದ ಹಾಡಿನ ಪಲ್ಲವಿ, ಒಂದು ಚರಣ ವಾದ್ಯವಿಲ್ಲದೆ ಹಾಡಿ ಬರಲಿ. ಮೂರು ಆರಾಧನೆ ಮುಗಿಸಿದ ಪಾಲಕರಿಗೆ ಊಟ ಹಾಕಿ ಕಳಿಸುವುದನ್ನು ಪಟ್ಟಿ ಬರೆಯುವವರೇ ನೋಡಿಕೊಳ್ಳಬೇಕು.

ಮೇಜಿನ ಮೇಲೆ ಮಿಕ್ಕದ್ದನ್ನು ಪಾಲಕರು ಮತ್ತು ಹಿರಿಯರು ಅಲ್ಲೇ ಭಕ್ತಿಯಿಂದ ಸೇವಿಸಿ ಮುಗಿಸುತ್ತಾರೆ. ಪಾತ್ರೆ ತೊಳೆದ ಮೊದಲ ನೀರನ್ನು ಬಚ್ಚಲಿಗೆ ಹಾಕದೆ ಗಿಡದ ಬುಡಕ್ಕೆ ಸುರಿಯುವುದು ಕ್ರಮ. ದ್ರಾಕ್ಷಿ ಕಲೆಯಾದ ಬಿಳಿ ಬಟ್ಟೆಯನ್ನು ಸೋಪು ಹಚ್ಚುವ ಮುಂಚೆ ತಣ್ಣೀರಿನಲ್ಲಿ ನೆನೆಸಿ, ನಿಂಬೆ ರಸ ಉಜ್ಜಿ. ಮೊದಲೇ ಸೋಪು ಬಿದ್ದರೆ ಕಲೆ ನೀಲಿಯಾಗಿ ಕೂರುತ್ತದೆ.